ಭೀಮಾ ತೀರದ ಕುಸುಬೆ

ಮಹಾರಾಷ್ಟ್ರದ ಇಂದಾಪುರದಿಂದ ವಿಜಯಪುರ, ಕಲಬುರಗಿಯವರೆಗಿನ ಭೀಮಾ ಸೀಮೆಯ ಎರೆಹೊಲಗಳಲ್ಲಿ ಹಿಂಗಾರಿಗೆ ಬಿಳಿಜೋಳದ ಜೊತೆ ಕುಸುಬೆ ಬಿತ್ತುವುದು ಹಳೆಯ ರೂಢಿ. ಅಂಚಿನ ಕುಸುಬೆಯ ಮುಳ್ಳುಸಾಲು ದನಗಳನ್ನು ತಡೆಯುತ್ತಿತ್ತು, ಬೀಜ ಗಾಣ ಸೇರುತ್ತಿತ್ತು. 1980ರಲ್ಲಿ ಉಜನಿ ಅಣೆಕಟ್ಟು ಮುಗಿದ ಮೇಲೆ ಇಂದಾಪುರದಲ್ಲಿ ನೀರು ಕಂಡ ಹೊಲಗಳಿಗೆ ಕಬ್ಬು ಬಂತು.

ಆದರೆ ಕುಸುಬೆ ಬೀಜದ ಕಥೆ ಅಷ್ಟರೊಳಗೆ ಕಡಲು ದಾಟಿತ್ತು.

ಸಾಮಾನ್ಯ ಕುಸುಬೆ ಎಣ್ಣೆಯ ಸುಮಾರು ಮುಕ್ಕಾಲು ಪಾಲು ಲಿನೋಲಿಯಿಕ್ ಎಂಬ ಕೊಬ್ಬಿನಾಮ್ಲ. 1950ರ ದಶಕದಲ್ಲಿ ಭಾರತ ಮೂಲದ ಕೆಲವು ಬೀಜಗಳಲ್ಲಿ ಅದರ ಬದಲು ಓಲಿಯಿಕ್ ಆಮ್ಲವೇ ಹೆಚ್ಚಾಗಿರುವುದು ಕಂಡುಬಂತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪಾಲ್ಡನ್ ನೋಲ್ಸ್ ಈ ಗುಣ ತಲೆಮಾರಿನಿಂದ ತಲೆಮಾರಿಗೆ ಇಳಿಯುವ ಬಗೆಯನ್ನು 1963ರಲ್ಲಿ ವಿವರಿಸಿದರು. ಆ ಬೀಜಗಳಿಂದ ‘ಯುಸಿ-1’ ತಳಿ ಹುಟ್ಟಿತು. ಬೇಗ ಕೆಡದ, ಕರಿಯಲು ಒಗ್ಗುವ ಎಣ್ಣೆ ಸಿಕ್ಕಿತು.

ಈ ಗುಣದ ಕಾರಣ ತಿಳಿದದ್ದು ಅರ್ಧ ಶತಮಾನದ ನಂತರ. ಓಲಿಯಿಕ್ ಆಮ್ಲವನ್ನು ಲಿನೋಲಿಯಿಕ್ ಆಗಿಸುವ ಎಫ್‌ಎಡಿ2-1 ಜೀನ್ ಈ ಗಿಡಗಳಲ್ಲಿ ಕೆಟ್ಟಿರುತ್ತದೆ. ಅದು ಮುಖ್ಯವಾಗಿ ಬೆಳೆಯುವ ಬೀಜದಲ್ಲಿ ಕೆಲಸ ಮಾಡುವಂಥದ್ದು. ಎಲೆ, ಬೇರುಗಳ ಕೋಶಪೊರೆಗೆ ಬೇಕಾದ ಕೊಬ್ಬನ್ನು ಅದೇ ಕುಟುಂಬದ ಬೇರೆ ಜೀನ್‌ಗಳು ನೋಡಿಕೊಳ್ಳುತ್ತವೆ. ಹೀಗಾಗಿ ಎಣ್ಣೆ ಬದಲಾದರೂ ಗಿಡ ಸೊರಗುವುದಿಲ್ಲ.

ಇತ್ತ ನಮ್ಮಲ್ಲೂ ಇಂದಾಪುರದ ನೆರೆಯ ಫಲಟಣದ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆ, ಧಾರವಾಡ ಜಿಲ್ಲೆಯ ಅಣ್ಣಿಗೇರಿ ಕೃಷಿ ಸಂಶೋಧನಾ ಕೇಂದ್ರ ಕುಸುಬೆ ತಳಿಗಳಿಗಾಗಿ ದುಡಿದಿವೆ. ರೈತರು ಕಾಪಾಡಿದ ನಾಟಿ ಬೀಜಗಳೇ ಇಂಥ ಸಂಶೋಧನೆಯ ಮೂಲಧನ. ಅವನ್ನು ಹೊಲದಲ್ಲೂ ಬೀಜಭಂಡಾರದಲ್ಲೂ ಉಳಿಸಿಕೊಳ್ಳಲೇಬೇಕು.