ಬಳ್ಳಾರಿ ಸೀಮೆಯಲ್ಲಿ ನಿತ್ಯದ ಓದು ಮತ್ತು ಪುಸ್ತಕದ ಆಯ್ಕೆ

ನಿತ್ಯದ ಓದು ಎಂದರೆ ಪರೀಕ್ಷೆಯ ಅಥವಾ ಉದ್ಯೋಗದ ಒತ್ತಾಯವಿಲ್ಲದೆ, ದಿನದ ಒಂದು ಹೊತ್ತನ್ನು ಮೀಸಲಿಟ್ಟು, ಸ್ವಂತ ಇಚ್ಛೆಯಿಂದ ಪುಸ್ತಕ ಓದುವ ರೂಢಿ. ಒಂದು ಪುಸ್ತಕ ಮುಗಿದ ಮೇಲೆ ಮುಂದಿನದನ್ನು ಆರಿಸಿಕೊಳ್ಳುವ ಬಗೆಯೂ ಈ ರೂಢಿಗೆ ಸೇರಿದ್ದೇ. ಬಳ್ಳಾರಿ ನಗರ, ಸಿರುಗುಪ್ಪ ಮತ್ತು ಕುರುಗೋಡು ಪ್ರದೇಶಗಳಲ್ಲಿ ಈ ಆಯ್ಕೆಗೆ ಒಂದು ವಿಶೇಷವಿದೆ. ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಬೀದಿಯಲ್ಲಿ ಕೇಳಿಬರುವ ಈ ಸೀಮೆಯಲ್ಲಿ ಯಾವ ಪುಸ್ತಕ ಎಂಬ ಪ್ರಶ್ನೆಗೂ ಮೊದಲು ಯಾವ ಭಾಷೆಯ ಪುಸ್ತಕ ಎಂಬುದು ತೀರ್ಮಾನವಾಗಬೇಕಾಗುತ್ತದೆ.

ಭಾಷಿಕ ಹಿನ್ನೆಲೆ

ನಿಜಾಮರು 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಪ್ರದೇಶಗಳಲ್ಲಿ ಬಳ್ಳಾರಿಯೂ ಒಂದು. ಅಲ್ಲಿಂದ ಮುಂದೆ ಒಂದೂವರೆ ಶತಮಾನ ಅದು ಮದರಾಸಿನ ಆಡಳಿತಕ್ಕೆ ಒಳಪಟ್ಟಿತ್ತು. ಕಚೇರಿಯ ಭಾಷೆ ಇಂಗ್ಲಿಷ್ ಆಗಿತ್ತು. ನಗರದ ರಂಗಭೂಮಿಯಲ್ಲಿ ತೆಲುಗಿನ ಪ್ರಭಾವ ದಟ್ಟವಾಗಿತ್ತು. ಧರ್ಮವರಂ ರಾಮಕೃಷ್ಣಾಚಾರ್ಯರು ಮತ್ತು ಕೋಲಾಚಲಂ ಶ್ರೀನಿವಾಸರಾಯರು ಬಳ್ಳಾರಿಯಲ್ಲಿದ್ದುಕೊಂಡೇ ತೆಲುಗು ನಾಟಕಗಳನ್ನು ಬರೆದರು. ಬಳ್ಳಾರಿ ರಾಘವ ಎಂದೇ ಪ್ರಸಿದ್ಧರಾದ ನಟ ಈ ಊರಿನ ಹೆಸರನ್ನು ಹೊರನಾಡಿಗೆ ಕೊಂಡೊಯ್ದರು. ಇದೇ ಊರಿನಲ್ಲಿ 1926ರಲ್ಲಿ ಫ. ಗು. ಹಳಕಟ್ಟಿಯವರ, 1938ರಲ್ಲಿ ರಂಗನಾಥ ದಿವಾಕರರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನಗಳು ನಡೆದವು ಎಂಬುದನ್ನೂ ಗಮನಿಸಬೇಕು. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. ವಿವಾದಕ್ಕೆ ಒಳಗಾಗಿದ್ದ ಬಳ್ಳಾರಿ ತಾಲೂಕು ಮಿಶ್ರಾ ಅವರ ವರದಿಯ ತರುವಾಯ ಮೈಸೂರಿಗೆ ಬಂದಿತು. ಗಡಿ ಬದಲಾದ ಮಾತ್ರಕ್ಕೆ ಮನೆಯ ಪುಸ್ತಕದ ಪೆಟ್ಟಿಗೆ ಬದಲಾಗಲಿಲ್ಲ. ಆದವಾನಿಯ ಕಡೆಯಿಂದ ಸೊಸೆ ತಂದ ಸಿರುಗುಪ್ಪದ ಮನೆಯಲ್ಲಿ ತೆಲುಗು ಓದಬಲ್ಲ ತಾಯಿ, ಕನ್ನಡ ಶಾಲೆಗೆ ಹೋಗುವ ಮಕ್ಕಳು ಒಟ್ಟಿಗಿರುವುದು ಇಂದಿಗೂ ಸಾಮಾನ್ಯ.

ಪುರಾಣ ಶ್ರವಣ

ಅಚ್ಚಾದ ಪುಸ್ತಕ ಮನೆಮನೆಗೆ ಬರುವ ಮೊದಲು ಇಲ್ಲಿನ ನಿತ್ಯದ ಓದು ಸಾಮೂಹಿಕವಾದುದು. ಶ್ರಾವಣ ಮಾಸದಲ್ಲಿ ಮಠಗಳಲ್ಲಿ, ಗುಡಿಗಳಲ್ಲಿ ಸಂಜೆಯ ಹೊತ್ತು ಪುರಾಣ ಹಚ್ಚುವ ಪದ್ಧತಿ ಈಗಲೂ ಉಳಿದಿದೆ. ಒಬ್ಬರು ಓದುತ್ತಾರೆ, ಮತ್ತೊಬ್ಬರು ಅರ್ಥ ಹೇಳುತ್ತಾರೆ, ಊರು ಕೇಳುತ್ತದೆ. ಇಂದು ಎಲ್ಲಿಗೆ ನಿಂತಿತೋ ನಾಳೆ ಅಲ್ಲಿಂದ ಮುಂದಕ್ಕೆ. ಮುಂದೇನು ಓದಬೇಕೆಂಬ ಚಿಂತೆಗೆ ಈ ವ್ಯವಸ್ಥೆಯಲ್ಲಿ ಎಡೆಯೇ ಇಲ್ಲ. ಇಂಥ ಕಡೆ ಓದುವ ಬಸವಪುರಾಣವನ್ನು ಭೀಮಕವಿ 1369ರಲ್ಲಿ ಕನ್ನಡದಲ್ಲಿ ರಚಿಸಿದುದು ಪಾಲ್ಕುರಿಕೆ ಸೋಮನಾಥನ ತೆಲುಗು ಕೃತಿಯನ್ನು ಆಧರಿಸಿ. ಎರಡು ಭಾಷೆಗಳ ನಡುವಣ ಈ ಕೊಡುಕೊಳ್ಳುವಿಕೆ ಗಡಿನಾಡಿನವರಿಗೆ ಹೊಸದಲ್ಲ.

ಬೀಚಿಯವರ ಉದಾಹರಣೆ

ಮುಂದಿನ ಪುಸ್ತಕದ ಆಯ್ಕೆ ಒಬ್ಬ ಮನುಷ್ಯನ ಬದುಕನ್ನೇ ತಿರುಗಿಸಬಲ್ಲದು ಎಂಬುದಕ್ಕೆ ಈ ಸೀಮೆಯಲ್ಲಿ ಬೀಚಿಯವರಿಗಿಂತ ಉತ್ತಮ ನಿದರ್ಶನ ಸಿಗಲಾರದು. ರಾಯಸಂ ಭೀಮಸೇನರಾವ್ ಎಂಬ ಹೆಸರಿನ ಇವರು (1913–1980) ಅಂದು ಬಳ್ಳಾರಿ ಜಿಲ್ಲೆಯಲ್ಲಿದ್ದ ಹರಪನಹಳ್ಳಿಯಲ್ಲಿ ಜನಿಸಿದರು. ಪೊಲೀಸ್ ಇಲಾಖೆಯಲ್ಲಿ ನೌಕರರಾಗಿದ್ದರು. ಅವರ ಓದು ಇಂಗ್ಲಿಷಿನದು. ಕನ್ನಡದಲ್ಲಿ ಓದತಕ್ಕಂಥದ್ದು ಏನಿದೆ ಎಂಬ ತಾತ್ಸಾರವೂ ಅವರಲ್ಲಿತ್ತು. ಅಂಥವರ ಕೈಗೆ ಒಮ್ಮೆ ಅ. ನ. ಕೃಷ್ಣರಾಯರ ‘ಸಂಧ್ಯಾರಾಗ’ ಬಂದಿತು. ಸಂಗೀತಗಾರನೊಬ್ಬನ ಬಾಳನ್ನು ಚಿತ್ರಿಸುವ ಆ ಕಾದಂಬರಿಯನ್ನು ಓದಿದ ಮೇಲೆ ಅವರು ಕನ್ನಡದ ಓದುಗರಾದರು, ಅನಂತರ ಕನ್ನಡದ ಲೇಖಕರಾದರು. ತಿಂಮನೆಂಬ ಪಾತ್ರದ ಮೂಲಕ ನಾಡನ್ನು ನಗಿಸಿದ ಹತ್ತಾರು ಕೃತಿಗಳು ಆ ಒಂದು ಓದಿನ ಫಲವೆಂದರೆ ಅತಿಶಯವಾಗದು. ತಮ್ಮ ಕಾವ್ಯನಾಮದ ಮೊದಲಕ್ಷರವನ್ನು ಕನ್ನಡ ಲಿಪಿಯಲ್ಲಿಯೂ ಉಳಿದುದನ್ನು ಇಂಗ್ಲಿಷ್ ಲಿಪಿಯಲ್ಲಿಯೂ ಅವರು ಬರೆಯುತ್ತಿದ್ದರು. ಇದನ್ನು ಕೇವಲ ಚಮತ್ಕಾರವೆಂದು ಬಿಡುವವರುಂಟು. ಆದರೆ ಅವರ ಓದಿನ ಚರಿತ್ರೆಯೇ ಆ ಸಹಿಯಲ್ಲಿದೆ.

ಈ ಪ್ರಸಂಗದಲ್ಲಿ ಒಂದು ಅಂಶ ಮುಖ್ಯ. ಕನ್ನಡ ಓದಬೇಕೆಂಬ ಉಪದೇಶ ಅವರನ್ನು ತಿರುಗಿಸಲಿಲ್ಲ, ಒಂದು ಒಳ್ಳೆಯ ಕಥೆ ತಿರುಗಿಸಿತು. ಮಕ್ಕಳಿಗೆ ಪುಸ್ತಕ ಕೊಡುವ ಹಿರಿಯರು ಇದನ್ನು ಮರೆಯುವುದೇ ಹೆಚ್ಚು.

ಮುಂದಿನ ಪುಸ್ತಕ: ಆಯ್ಕೆಯ ದಾರಿಗಳು

ಕನ್ನಡ ಓದುಗನ ಪರವಾಗಿ ಬೇರೆಯವರು ಪುಸ್ತಕ ಆರಿಸಿಕೊಡುವ ಏರ್ಪಾಡುಗಳು ಹಿಂದಿನಿಂದಲೂ ಇವೆ. ಧಾರವಾಡದಲ್ಲಿ ಜಿ. ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆಗೆ ಚಂದಾ ಕಟ್ಟಿದವರಿಗೆ ಸಂಪಾದಕರು ಆಯ್ದ ಕೃತಿಗಳು ಅಂಚೆಯಲ್ಲಿ ತಲಪುತ್ತಿದ್ದವು. 1956ರಲ್ಲಿ ಹುಬ್ಬಳ್ಳಿಯಿಂದ ಹೊರಟ ‘ಕಸ್ತೂರಿ’ ಮಾಸಪತ್ರಿಕೆಯ ಪುಸ್ತಕ ವಿಭಾಗದಲ್ಲಿ ಇಡೀ ಗ್ರಂಥವೊಂದರ ಸಂಗ್ರಹರೂಪ ಸಿಗುತ್ತಿತ್ತು. ಅದನ್ನು ಓದಿ ಮೂಲವನ್ನು ಹುಡುಕಿಕೊಂಡು ಹೋದವರು ಅನೇಕರು. ಆಮೇಲೆ ವಾರಪತ್ರಿಕೆಗಳ ಧಾರಾವಾಹಿಗಳೂ ದಿನಬಾಡಿಗೆಗೆ ಕಾದಂಬರಿ ಕೊಡುವ ಅಂಗಡಿಗಳೂ ಬಂದವು. ತ್ರಿವೇಣಿ, ಎಂ. ಕೆ. ಇಂದಿರಾ, ತ. ರಾ. ಸು. ಅವರ ಕಾದಂಬರಿಗಳು ಹೊಲಿಗೆ ಬಿಚ್ಚುವವರೆಗೆ ಕೈಯಿಂದ ಕೈಗೆ ದಾಟುತ್ತಿದ್ದ ಕಾಲವದು. ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ವನ್ನು ಬಳ್ಳಾರಿಯಲ್ಲಿ ಒಂದೇ ಮನೆಯಲ್ಲಿ ಒಬ್ಬರು ತೆಲುಗಿನಲ್ಲಿ, ಇನ್ನೊಬ್ಬರು ಕನ್ನಡದಲ್ಲಿ ಓದುವುದು ಸಾಧ್ಯವಿತ್ತು.

ತಾನೇ ಆರಿಸಿಕೊಳ್ಳುವವನಿಗೆ ಅನುಕೂಲವಾದ ದಾರಿ, ಓದಿದ ಪುಸ್ತಕದ ಎಳೆಯನ್ನೇ ಹಿಡಿದು ಮುಂದಕ್ಕೆ ಹೋಗುವುದು. ಕೊಟ್ಟೂರಿನವರಾದ ಕುಂ. ವೀರಭದ್ರಪ್ಪನವರ ‘ಅರಮನೆ’ಗೆ 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಈ ಸೀಮೆಯ ಆಡುಮಾತು ಅದರಲ್ಲಿ ಇದ್ದ ಹಾಗೆಯೇ ಇರುವುದರಿಂದ ಇಲ್ಲಿನ ಓದುಗನಿಗೆ ಅದು ಬೇಗ ಒಲಿಯುತ್ತದೆ. ಅದರಲ್ಲಿ ಬರುವ ಥಾಮಸ್ ಮನ್ರೋ ಬಗ್ಗೆ ಕುತೂಹಲ ಹುಟ್ಟಿದರೆ ಡಬ್ಲ್ಯು. ಫ್ರಾನ್ಸಿಸ್ 1904ರಲ್ಲಿ ಸಿದ್ಧಪಡಿಸಿದ ಬಳ್ಳಾರಿ ಗೆಜೆಟಿಯರ್ ಇದೆ. ಅಲ್ಲಿಂದ, ಬಳ್ಳಾರಿಯಲ್ಲಿ ಕಲೆಕ್ಟರರಾಗಿದ್ದ ರಾಬರ್ಟ್ ಸಿವೆಲ್ ವಿಜಯನಗರವನ್ನು ಕುರಿತು ಬರೆದು 1900ರಲ್ಲಿ ಪ್ರಕಟಿಸಿದ ಗ್ರಂಥಕ್ಕೆ ಹೋಗಬಹುದು. ಅದು ಕನ್ನಡಕ್ಕೂ ಅನುವಾದಗೊಂಡಿದೆ. ಬಳ್ಳಾರಿಯದೇ ಆದ ಲೋಹಿಯಾ ಪ್ರಕಾಶನದ ಪಟ್ಟಿಯನ್ನು ನೋಡಿದರೆ ಹೊರ ಭಾಷೆಗಳಿಂದ ಬಂದ ಕೃತಿಗಳ ಬೇರೊಂದು ದಾರಿ ತೆರೆಯುತ್ತದೆ.

ಹೊತ್ತಿನ ವಿಷಯ ಸರಳ. ದಿನಕ್ಕೆ 20 ಪುಟ ಓದಿದರೆ 300 ಪುಟಗಳ ಕಾದಂಬರಿ 15 ದಿನಗಳಲ್ಲಿ ಮುಗಿಯುತ್ತದೆ. ಬೇಸಗೆಯ ಮಧ್ಯಾಹ್ನ ಬಳ್ಳಾರಿಯಲ್ಲಿ ಓದು ಸಾಗದು, ನಸುಕೇ ಲೇಸು. ತುಂಗಭದ್ರೆಯ ನೀರಿನಲ್ಲಿ ಭತ್ತ ಬೆಳೆಯುವ ಸಿರುಗುಪ್ಪ ಕಡೆಯ ರೈತರಿಗೆ ನಾಟಿ ಮತ್ತು ಕೊಯ್ಲಿನ ದಿನಗಳಲ್ಲಿ ಓದು ತಪ್ಪುವುದು ಸಹಜ; ಅದನ್ನು ಸೋಮಾರಿತನವೆಂದು ಎಣಿಸಬಾರದು. ರುಚಿಸದ ಪುಸ್ತಕವನ್ನು 50 ಪುಟಗಳ ಬಳಿಕ ಕೆಳಗಿಡುವುದರಲ್ಲಿಯೂ ತಪ್ಪಿಲ್ಲ.

ಗ್ರಂಥಾಲಯಗಳು

ಗ್ರಂಥಾಲಯ ಕಾನೂನಿನ ವಿಷಯದಲ್ಲಿ ಬಳ್ಳಾರಿ ಹಳೆಯ ಮೈಸೂರಿಗಿಂತ ಮುಂದಿತ್ತು. ಎಸ್. ಆರ್. ರಂಗನಾಥನ್ ಅವರ ಪ್ರಯತ್ನದಿಂದ ಮದರಾಸಿನಲ್ಲಿ 1948ರಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಬಂದಾಗ ಬಳ್ಳಾರಿ ಆ ರಾಜ್ಯದಲ್ಲಿಯೇ ಇತ್ತು. ಮೈಸೂರಿನ ಕಾಯಿದೆ ಬಂದದ್ದು 1965ರಲ್ಲಿ. ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ ಎಂಬವು ರಂಗನಾಥನ್ 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಎರಡು. ಬಹುಭಾಷೆಯ ಊರಿನಲ್ಲಿ ಇವನ್ನು ಪಾಲಿಸುವುದು ಕಷ್ಟ. ಡ್ಯೂಯಿ ದಶಾಂಶ ವರ್ಗೀಕರಣದಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814, ತೆಲುಗಿನದು 894.827. ಕಪಾಟಿನಲ್ಲಿ ನೆರೆಹೊರೆಯಾದರೂ ಒಂದರ ಓದುಗ ಇನ್ನೊಂದರ ಬಳಿ ಸುಳಿಯಬೇಕಾದರೆ ಎರಡನ್ನೂ ಬಲ್ಲ ಗ್ರಂಥಪಾಲಕರು ಬೇಕು.

ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ 2020ರಲ್ಲಿ ಆರಂಭವಾಯಿತು. ಅದೇ ವರ್ಷ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗಾಗಿ ‘ಓದುವ ಬೆಳಕು’ ಎಂಬ ಕಾರ್ಯಕ್ರಮವೂ ಮೊದಲಾಯಿತು. ಹಳ್ಳಿಯ ಮಗುವಿಗೆ ಅಲ್ಲಿ ಪಠ್ಯದ ಹೊರಗಿನ ಪುಸ್ತಕವನ್ನು ತಾನೇ ಕಪಾಟಿನಿಂದ ತೆಗೆದುಕೊಳ್ಳುವ ಅವಕಾಶವಿದೆ.