ಮೈಸೂರು ವಿವಿಯ ಸಂಶೋಧನೆ: ಎಣಿಕೆಗೆ ಸಿಕ್ಕಿದ್ದು, ಸಿಗದ್ದು

ವಿಶ್ವವಿದ್ಯಾನಿಲಯವೊಂದರ ಸಂಶೋಧನೆಯನ್ನು ತೂಗಿ ನೋಡುವುದು ಈಗ ಸಲೀಸು. ಸ್ಕೋಪಸ್ ತೆರೆದು ಸಂಸ್ಥೆಯ ಹೆಸರು ಹಾಕಿದರೆ ಎಷ್ಟು ಪ್ರಬಂಧ ಬಂದಿವೆ, ಎಷ್ಟು ಮಂದಿ ಉಲ್ಲೇಖಿಸಿದ್ದಾರೆ, ಎಚ್-ಸೂಚ್ಯಂಕ ಎಷ್ಟು ಎಂಬುದೆಲ್ಲ ಕ್ಷಣದಲ್ಲಿ ಸಿಗುತ್ತದೆ. ಎನ್‌ಐಆರ್‌ಎಫ್ ಶ್ರೇಯಾಂಕದ ಸಂಶೋಧನಾ ಭಾಗಕ್ಕೂ ಬಹುಮಟ್ಟಿಗೆ ಇದೇ ಲೆಕ್ಕ ಸಾಕು. ಮೈಸೂರು ವಿಶ್ವವಿದ್ಯಾನಿಲಯವನ್ನು ಈ ತಕ್ಕಡಿಗೆ ಹಾಕಿದರೆ ಎದ್ದು ಕಾಣುವುದು ಈಚಿನ ಕೆಲವು ದಶಕಗಳ ರಸಾಯನಶಾಸ್ತ್ರ, ಭೌತಶಾಸ್ತ್ರ, ಜೀವವಿಜ್ಞಾನ. 1916ರ ಜುಲೈ 27ರಂದು ಶುರುವಾದ ಸಂಸ್ಥೆಯ ಉಳಿದ ದುಡಿಮೆ ತಕ್ಕಡಿಯ ಹೊರಗೇ ಉಳಿಯುತ್ತದೆ. ನನ್ನ ಎಣಿಕೆಯಲ್ಲಿ, ಬೇರೆಯವರ ವಿದ್ವತ್ತಿಗೆ ಹೆಚ್ಚು ಒದಗಿ ಬಂದದ್ದು ಆ ಉಳಿದ ದುಡಿಮೆಯೇ.

ವಿವಿ ಹುಟ್ಟುವಾಗಲೇ ಅದರ ಕೈಗೆ ಒಂದು ದೊಡ್ಡ ಆಸ್ತಿ ಬಂತು. 1891ರಲ್ಲಿ ಆರಂಭವಾಗಿದ್ದ ಓರಿಯಂಟಲ್ ಲೈಬ್ರರಿ 1916ರಲ್ಲಿ ಅದರ ಸುಪರ್ದಿಗೆ ಸೇರಿತು. ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ಗ್ರಂಥ ಲಿಪಿಯ ತಾಳೆಗರಿ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ ಇರುವುದನ್ನು ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿದ್ದು ಇಲ್ಲಿಯೇ. ಮೂಲಪಾಠ 1909ರಲ್ಲಿ ಅಚ್ಚಾಯಿತು, ಇಂಗ್ಲಿಷ್ ಅನುವಾದ 1915ರಲ್ಲಿ ಬಂತು. ಪ್ರಾಚೀನ ಭಾರತದ ರಾಜ್ಯಾಡಳಿತದ ಬಗ್ಗೆ ಆಮೇಲೆ ಬರೆದ ಯಾರೂ ಈ ಗ್ರಂಥವನ್ನು ಬದಿಗಿಟ್ಟು ಬರೆಯುವಂತಿರಲಿಲ್ಲ. ಇಂಥ ಸಂಪಾದನೆಗೆ ಇಂದಿನ ಅಂಕಪಟ್ಟಿಯಲ್ಲಿ ಎಷ್ಟು ಅಂಕ ಕೊಡುತ್ತಾರೋ!

ಮೊದಲ ದಶಕಗಳಲ್ಲಿ ವಿಜ್ಞಾನದ ಕೆಲಸ ನಡೆದದ್ದು ಹೆಚ್ಚಾಗಿ ಆಗ ಈ ವಿವಿಗೇ ಸೇರಿದ್ದ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. ಅಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಸಿ.ಆರ್. ನಾರಾಯಣರಾವ್ 1932ರಲ್ಲಿ ಆರಂಭವಾದ 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರು. ಅವರ ನಿಜವಾದ ವ್ಯಾಮೋಹ ಕಪ್ಪೆ. ದಕ್ಷಿಣ ಭಾರತದ ಹಲವು ಹೊಸ ಕಪ್ಪೆಗಳನ್ನು ವಿವರಿಸಿ 1937ರಲ್ಲಿ ಅವರು ಬರೆದ ಲೇಖನವನ್ನು ಪಶ್ಚಿಮಘಟ್ಟದ ಕಪ್ಪೆಗಳನ್ನು ವರ್ಗೀಕರಿಸುವವರು ಈಗಲೂ ತೆಗೆದು ನೋಡಲೇಬೇಕು. ದುರದೃಷ್ಟಕ್ಕೆ ಅವರು ಜೋಪಾನ ಮಾಡಿದ್ದ ಮಾದರಿಗಳು ಕಾಲೇಜಿನಲ್ಲಿ ಉಳಿಯಲಿಲ್ಲ. ಹಾಗಾಗಿ ಅವರು ಹೆಸರಿಟ್ಟ ಕಪ್ಪೆ ಯಾವುದು ಎಂದು ಖಚಿತಪಡಿಸಲು ಮುಂದಿನವರು ಅದೇ ಕಾಡುಗಳಿಗೆ ಹೋಗಿ ಹುಡುಕಬೇಕಾಯಿತು. 2010ರಲ್ಲಿ ಪೊದೆಗಪ್ಪೆಗಳ ಒಂದು ಕುಲಕ್ಕೆ ಅವರ ಗೌರವಾರ್ಥ 'ರಾವ್‌ಆರ್ಕೆಸ್ಟಿಸ್' ಎಂದು ಹೆಸರಿಟ್ಟರು. ಲೇಖನ ಬಂದು ಎಪ್ಪತ್ತಮೂರು ವರ್ಷ ಆಗಿತ್ತು. ಪತ್ರಿಕೆಗಳ ಪ್ರಭಾವವನ್ನು ಎರಡು ವರ್ಷದ ಉಲ್ಲೇಖಗಳಲ್ಲಿ ಅಳೆಯುವವರ ಕೈಗೆ ಇದು ಸಿಗುವ ಮಾತಲ್ಲ.

ಮೈಸೂರಿನಲ್ಲಿ ವಿವಿಯ ಆವರಣ ಮಾನಸಗಂಗೋತ್ರಿ 1960ರಲ್ಲಿ ತಲೆಯೆತ್ತಿದ ಮೇಲೆ ಸ್ನಾತಕೋತ್ತರ ವಿಭಾಗಗಳಿಗೆ ನೆಲೆ ಸಿಕ್ಕಿತು. ಮರುವರ್ಷ ಭೌತಶಾಸ್ತ್ರ ವಿಭಾಗಕ್ಕೆ ಬಂದ ಎಸ್. ಚಂದ್ರಶೇಖರ್ ದ್ರವಸ್ಫಟಿಕಗಳ ಅಧ್ಯಯನಕ್ಕೆ ಇಲ್ಲಿ ಕೈಹಾಕಿದರು. 1971ರಲ್ಲಿ ಅವರು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಹೋದರು. ತಟ್ಟೆಯಾಕಾರದ ಅಣುಗಳೂ ದ್ರವಸ್ಫಟಿಕವಾಗಬಲ್ಲವು ಎಂದು ತೋರಿಸಿದ 1977ರ ಹೆಸರಾಂತ ಪ್ರಬಂಧ ಬಂದದ್ದು ಅಲ್ಲಿಂದ. ಲೆಕ್ಕದ ಪುಸ್ತಕದಲ್ಲಿ ಅದು ಆ ಸಂಸ್ಥೆಯ ಖಾತೆಗೆ ಜಮೆ, ಮೈಸೂರಿನ ಹತ್ತು ವರ್ಷಕ್ಕೆ ಅಲ್ಲಿ ಕಾಲಂ ಇಲ್ಲ.

ಪ್ರಾಣಿಶಾಸ್ತ್ರ ವಿಭಾಗದ ಕಥೆ ಇನ್ನೂ ಸ್ವಾರಸ್ಯದ್ದು. ಎಂ.ಆರ್. ರಾಜಶೇಖರಶೆಟ್ಟಿ ಕಟ್ಟಿದ ತಳಿವಿಜ್ಞಾನದ ಪರಂಪರೆ ಹಣ್ಣಿನ ನೊಣ ಡ್ರೊಸೊಫಿಲಾವನ್ನು ಹಿಡಿದುಕೊಂಡಿತು. ಮೈಸೂರಿನ ನೊಣಗಳು ಬೆಳೆಯುವುದು ರವೆ, ಬೆಲ್ಲ, ಅಗರ್ ಬೇಯಿಸಿ ಬಾಟಲಿಗೆ ಸುರಿದ ಆಹಾರದಲ್ಲಿ. ಬೂಷ್ಟು ಹಿಡಿಯದಿರಲು ಅದಕ್ಕೆ ಸ್ವಲ್ಪ ಪ್ರೊಪಿಯಾನಿಕ್ ಆಮ್ಲ, ಮೇಲೆ ಯೀಸ್ಟ್. ಡ್ರೊಸೊಫಿಲಾ ನಸುಟಾದಲ್ಲಿ ಎಂಟು ವರ್ಣತಂತುಗಳು, ಅದರ ಹತ್ತಿರದ ನೆಂಟ ಆಲ್ಬೊಮಿಕಾನ್ಸ್‌ನಲ್ಲಿ ಆರು. ಎರಡನ್ನೂ ಕೂಡಿಸಿದರೆ ಹುಟ್ಟುವ ಮರಿಗಳು ಬಂಜೆಯಲ್ಲ. ಎಚ್.ಎ. ರಂಗನಾಥ್ ಮತ್ತು ಅವರ ಜೊತೆಗಾರರು ಈ ಮಿಶ್ರ ಸಂತತಿಯನ್ನು ತಲೆಮಾರುಗಳ ಕಾಲ ಬಿಡದೆ ಸಾಕಿ, ತಾಯಿತಂದೆ ಇಬ್ಬರಲ್ಲೂ ಇಲ್ಲದ ವರ್ಣತಂತು ಜೋಡಣೆಯ ಹೊಸ ಗುಂಪುಗಳು ನೆಲೆಗೊಳ್ಳುವುದನ್ನು ತೋರಿಸಿದರು. ಅವಕ್ಕೆ 'ಸೈಟೋರೇಸ್' ಎಂದು ಹೆಸರು. ಪ್ರಭೇದಗಳು ಕವಲೊಡೆಯುವ ಮೊದಲ ಹೆಜ್ಜೆಗಳನ್ನು ಬಾಟಲಿಯೊಳಗೆ ನೋಡುವ ಅಪರೂಪದ ಅವಕಾಶ ಇದು. ವಾರಗಟ್ಟಲೆ ಆಹಾರ ಬದಲಿಸದೆ ಬಿಟ್ಟರೆ ದಶಕಗಳ ದುಡಿಮೆ ಸತ್ತುಹೋಗುತ್ತದೆ. ಇಲ್ಲಿನ ಡ್ರೊಸೊಫಿಲಾ ಸಂಗ್ರಹ ಕೇಂದ್ರದಲ್ಲಿ ಬಾಟಲಿಯಿಂದ ಬಾಟಲಿಗೆ ನೊಣ ದಾಟಿಸುವವರ ಹೆಸರು ಯಾವ ಪ್ರಬಂಧದ ಶಿರೋಭಾಗದಲ್ಲೂ ಬರುವುದಿಲ್ಲ. ಅಂದಹಾಗೆ, ರಂಗನಾಥ್ ಮುಂದೆ ನ್ಯಾಕ್ ನಿರ್ದೇಶಕರಾಗಿ ದೇಶದ ವಿವಿಗಳಿಗೆ ದರ್ಜೆ ಕೊಡುವ ಸಂಸ್ಥೆಯನ್ನೇ ನಡೆಸಿದರು.

ಕನ್ನಡದ ಕೆಲಸವಂತೂ ಸಂಘಟಿತ ಶ್ರಮದ್ದು. ಇಂಗ್ಲಿಷ್-ಕನ್ನಡ ನಿಘಂಟು 1946ರಲ್ಲಿ ಹೊರಬಂತು. 1966ರಲ್ಲಿ ದೇ. ಜವರೇಗೌಡರ ನೇತೃತ್ವದಲ್ಲಿ ಆರಂಭವಾದ ಕನ್ನಡ ಅಧ್ಯಯನ ಸಂಸ್ಥೆ ಹದಿನಾಲ್ಕು ಸಂಪುಟಗಳ ಕನ್ನಡ ವಿಶ್ವಕೋಶಕ್ಕೆ ಮನೆಯಾಯಿತು. ಬಿ.ಎಲ್. ರೈಸ್ ಸಂಗ್ರಹಿಸಿದ್ದ ಶಾಸನಗಳನ್ನು ತಿದ್ದಿ, ಹೊಸವನ್ನು ಸೇರಿಸಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಪರಿಷ್ಕೃತ ಸಂಪುಟಗಳು 1972ರಿಂದ ಬರತೊಡಗಿದವು. ಕರ್ನಾಟಕದ ಇತಿಹಾಸ ಬರೆಯುವವರು ಅಡಿಟಿಪ್ಪಣಿಯಲ್ಲಿ 'ಎ.ಕ.' ಎಂದು ಎರಡಕ್ಷರ ಹಾಕಿ, ಸಂಪುಟ, ತಾಲ್ಲೂಕು, ಶಾಸನದ ಸಂಖ್ಯೆ ಬರೆದು ಮುಂದೆ ಹೋಗುತ್ತಾರೆ. ಸಂಪಾದಕರ ಹೆಸರು ಅಲ್ಲಿ ಇರುವುದಿಲ್ಲ, ಆ ಪುಸ್ತಕಗಳೂ ಸೂಚಿಗಳಲ್ಲಿ ಇಲ್ಲ. ಉಲ್ಲೇಖವೆಂದು ಯಾವ ಯಂತ್ರವೂ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಸಂಶೋಧನೆಯನ್ನೇ ಒಂದೆಡೆ ಕೂಡಿಡುವ ಯೋಚನೆಯೂ ಇಲ್ಲಿ ಬೇಗ ಮೊಳೆಯಿತು. ಗ್ರಂಥಾಲಯ ವಿಜ್ಞಾನದ ಶಾಲಿನಿ ಅರಸ್ 2000ದ ಆಸುಪಾಸಿನಲ್ಲಿ ಕಟ್ಟಿದ 'ವಿದ್ಯಾನಿಧಿ' ಪಿಎಚ್.ಡಿ. ಪ್ರಬಂಧಗಳ ಡಿಜಿಟಲ್ ಭಂಡಾರ. ಕನ್ನಡ, ಹಿಂದಿ ಪ್ರಬಂಧಗಳ ವಿವರವನ್ನು ಅವುಗಳದೇ ಲಿಪಿಯಲ್ಲಿ, ಯೂನಿಕೋಡ್‌ನಲ್ಲಿ ಕೊಡಬೇಕೆಂದು ಆಗಲೇ ಹಟ ಹಿಡಿದ ಯೋಜನೆ ಅದು. ಪ್ರಬಂಧಗಳನ್ನು ವಿದ್ಯುನ್ಮಾನ ರೂಪದಲ್ಲಿ ಸಲ್ಲಿಸಬೇಕೆಂದು ಯುಜಿಸಿ ನಿಯಮ ಮಾಡಿದ್ದು 2009ರಲ್ಲಿ. ಅದರ ಬಲದಿಂದ ಇನ್‌ಫ್ಲಿಬ್‌ನೆಟ್‌ನ 'ಶೋಧಗಂಗಾ' ದೇಶದ ಪ್ರಬಂಧಗಳ ಸಾಗರವಾಯಿತು.

ಆದರೆ ಅಲ್ಲಿ ಕನ್ನಡ ಪ್ರಬಂಧವೊಂದನ್ನು ತೆರೆದು ಒಂದು ಪದ ಹುಡುಕಿ ನೋಡಿ. ಎಷ್ಟೋ ಪ್ರಬಂಧಗಳು ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪಾದವು, ಇಲ್ಲವೆ ಸ್ಕ್ಯಾನ್ ಮಾಡಿದ ಚಿತ್ರಗಳು. ಕಣ್ಣಿಗೆ ಕನ್ನಡವಾಗಿ ಕಾಣುವ ಸಾಲನ್ನು ನಕಲಿಸಿ ಬೇರೆಡೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಬೀಳುತ್ತದೆ. ಹಳೆಯ ಫಾಂಟುಗಳ ಪಠ್ಯವನ್ನು ಯೂನಿಕೋಡ್‌ಗೆ ತರುವ ಪರಿವರ್ತಕಗಳು ಬಂದು ಎಷ್ಟೋ ವರ್ಷಗಳಾದವು. ಒಂದು ವಿಭಾಗ, ನಾಲ್ಕು ಜನ ವಿದ್ಯಾರ್ಥಿಗಳು, ಒಂದು ಬೇಸಿಗೆ ರಜೆ ಇದ್ದರೆ ಕೆಲಸ ಶುರು ಮಾಡಬಹುದು.