ಮೂಡುಬಿದಿರೆಯ ಸಿದ್ಧಾಂತ ಗ್ರಂಥಗಳಲ್ಲಿ ನಿದ್ರೆ, ಕನಸು ಮತ್ತು ಅರಿವು

ಮೂಡುಬಿದಿರೆಯ ಗುರುಬಸದಿಯು ಸಿದ್ಧಾಂತ ಬಸದಿಯೆಂದೂ ಪ್ರಸಿದ್ಧವಾಗಿರುವುದು ಅಲ್ಲಿ ಶತಮಾನಗಳ ಕಾಲ ರಕ್ಷಿತವಾಗಿದ್ದ ಧವಲಾ, ಜಯಧವಲಾ, ಮಹಾಧವಲಾ ಗ್ರಂಥಗಳಿಂದ. ಭಾಷೆ ಪ್ರಾಕೃತ ಮತ್ತು ಸಂಸ್ಕೃತ; ಲಿಪಿ ಹಳಗನ್ನಡ. ಕರ್ಮಸಿದ್ಧಾಂತದ ಆಕರಗಳೆಂದೇ ವಿದ್ವಾಂಸರು ಇವುಗಳನ್ನು ಅಭ್ಯಸಿಸುತ್ತ ಬಂದಿದ್ದಾರೆ. ಆದರೆ ಮನುಷ್ಯನು ಹೇಗೆ ಮಲಗುತ್ತಾನೆ, ಮಲಗಿದವನಲ್ಲಿ ಅರಿವು ಎಷ್ಟು ಉಳಿದಿರುತ್ತದೆ ಎಂಬ ವಿಚಾರವೂ ಈ ಪರಂಪರೆಯಲ್ಲಿ ಅಡಕವಾಗಿದೆ ಎಂಬುದು ಅಷ್ಟಾಗಿ ಗಮನಕ್ಕೆ ಬಂದಂತಿಲ್ಲ.

ಕನಸು ಕಾಣುತ್ತಿರುವಾಗಲೇ ಇದು ಕನಸು ಎಂಬ ತಿಳಿವು ಮೂಡುವ ಸ್ಥಿತಿಗೆ ಡಚ್ ಲೇಖಕ ಫ್ರೆಡರಿಕ್ ವಾನ್ ಈಡನ್ 1913ರಲ್ಲಿ ‘ಲೂಸಿಡ್’ ಕನಸು ಎಂಬ ಹೆಸರನ್ನು ಬಳಸಿದನು. ಇದನ್ನು ಎಚ್ಚರಗನಸು ಎನ್ನಬಹುದು. 1975ರಲ್ಲಿ ಇಂಗ್ಲೆಂಡಿನ ಕೀತ್ ಹರ್ನ್, ಅನಂತರ ಸ್ಟ್ಯಾನ್‌ಫರ್ಡಿನಲ್ಲಿ ಸ್ಟೀಫನ್ ಲಾಬರ್ಜ್, ನಿದ್ರಿಸುತ್ತಿರುವವರು ಮೊದಲೇ ಗೊತ್ತುಪಡಿಸಿದಂತೆ ಕಣ್ಣು ಹೊರಳಿಸಿ ಸಂಕೇತ ನೀಡಬಲ್ಲರೆಂದು ಪ್ರಯೋಗಶಾಲೆಯಲ್ಲಿ ತೋರಿಸಿಕೊಟ್ಟರು. ಇಂಥ ಕನಸು ಬೇಗನೆ ಕರಗುತ್ತದೆ. ಅದನ್ನು ಹಿಡಿದು ನಿಲ್ಲಿಸಲು ಕನಸಿನೊಳಗಿನ ದೇಹವನ್ನು ಬುಗುರಿಯಂತೆ ತಿರುಗಿಸುವುದು, ಅಂಗೈಗಳನ್ನು ಉಜ್ಜಿಕೊಳ್ಳುವುದು ಮೊದಲಾದ ಉಪಾಯಗಳನ್ನು ಲಾಬರ್ಜ್ ಸೂಚಿಸಿದನು. ಕನಸಿನ ದೇಹದ ಸ್ಪರ್ಶ ಮತ್ತು ಚಲನೆಗಳಲ್ಲಿ ಗಮನ ತೊಡಗಿದ್ದರೆ, ಹಾಸಿಗೆಯ ಮೇಲಿನ ದೇಹದ ಕಡೆಗೆ ಅದು ಹರಿಯಲಾರದೆಂಬುದು ಇದರ ಹಿಂದಿನ ಊಹೆ.

ಜೈನಾಗಮ ಪರಂಪರೆಯ ದಿಕ್ಕು ಬೇರೆ. ಷಟ್ಖಂಡಾಗಮದ ಉಗಮಕಥೆಯೇ ಒಂದು ಕನಸಿನಿಂದ ಆರಂಭವಾಗುತ್ತದೆ. ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರಿಗೆ ರಾತ್ರಿಯ ಕಡೆಯ ಭಾಗದಲ್ಲಿ ಎರಡು ಬಿಳಿಯ ವೃಷಭಗಳು ಕಾಣಿಸಿದವೆಂದೂ, ದಕ್ಷಿಣಾಪಥದಿಂದ ಹೊರಟಿದ್ದ ಪುಷ್ಪದಂತ, ಭೂತಬಲಿ ಎಂಬ ಮುನಿಗಳು ಅಂದೇ ಬಂದು ಸೇರಿದರೆಂದೂ ಧವಲೆಯು ಹೇಳುತ್ತದೆ. ಆಚಾರ್ಯರು ಕನಸನ್ನು ಮುಂದುವರಿಸಲು ಬಯಸಲಿಲ್ಲ. ಶ್ರುತದೇವತೆಗೆ ಜಯವೆಂದು ನುಡಿದು ಎದ್ದರು. ಅಷ್ಟಾಂಗ ನಿಮಿತ್ತಗಳಲ್ಲಿ ಸ್ವಪ್ನವೂ ಒಂದು. ಚಂದ್ರಗುಪ್ತನ ಹದಿನಾರು ಕನಸುಗಳು ನಮ್ಮ ನಾಡಿನ ಕಥೆಗಳಲ್ಲಿ ಚಿರಪರಿಚಿತ. ಇಲ್ಲೆಲ್ಲ ಕನಸಿನ ಬೆಲೆ ಇರುವುದು ಎಚ್ಚರಾದ ಮೇಲೆ ಅದನ್ನು ಓದಿಕೊಳ್ಳುವುದರಲ್ಲಿಯೇ.

ಇದಕ್ಕಿಂತ ಮಹತ್ತ್ವದ್ದು ನಿದ್ರೆಯ ವಿಂಗಡಣೆ. ದರ್ಶನಾವರಣೀಯ ಕರ್ಮದ ಒಂಬತ್ತು ಪ್ರಕೃತಿಗಳಲ್ಲಿ ಐದು ನಿದ್ರೆಗೆ ಸಂಬಂಧಿಸಿದವು: ನಿದ್ರೆ, ನಿದ್ರಾನಿದ್ರೆ, ಪ್ರಚಲೆ, ಪ್ರಚಲಾಪ್ರಚಲೆ, ಸ್ತ್ಯಾನಗೃದ್ಧಿ. ನಿದ್ರಾನಿದ್ರೆಯಲ್ಲಿರುವವನು ಎಬ್ಬಿಸಿದರೂ ಕಣ್ಣು ತೆರೆಯಲಾರ. ಪ್ರಚಲಾಪ್ರಚಲೆಯಲ್ಲಿ ಬಾಯಿಂದ ಜೊಲ್ಲು ಸುರಿಯುತ್ತದೆ, ಅಂಗಾಂಗಗಳು ಅದುರುತ್ತವೆ. ಸ್ತ್ಯಾನಗೃದ್ಧಿಯುಳ್ಳವನು ಎದ್ದು ಕೆಲಸ ಮಾಡುತ್ತಾನೆ, ಮಾತಾಡುತ್ತಾನೆ. ಆದರೂ ನಿದ್ರೆಯಲ್ಲಿಯೇ ಇರುತ್ತಾನೆ. ಇಂದು ನಿದ್ರಾಸಂಚಾರವೆಂದು ಕರೆಯುವ ಸ್ಥಿತಿಯ ಇಷ್ಟು ನಿಖರವಾದ ಗುರುತು ಕರ್ಮಶಾಸ್ತ್ರವೊಂದರಲ್ಲಿ ಸಿಗುವುದು ಸೋಜಿಗವೇ ಸರಿ. ಪ್ರಚಲೆಯ ಲಕ್ಷಣವಂತೂ ನಮ್ಮ ವಿಷಯಕ್ಕೆ ತೀರ ಹತ್ತಿರದ್ದು. ಗೊಮ್ಮಟಸಾರದ ಕರ್ಮಕಾಂಡದ ಪ್ರಕಾರ ಅಂಥವನು ಕಣ್ಣನ್ನು ಅರೆತೆರೆದು ಮಲಗುತ್ತಾನೆ. ಮಲಗಿದ್ದರೂ ಸ್ವಲ್ಪ ಸ್ವಲ್ಪ ತಿಳಿಯುತ್ತಿರುತ್ತಾನೆ. ಇದು ಎಚ್ಚರಗನಸೇ ಎಂದು ಸಾಧಿಸುವುದು ಅತಿಯಾದೀತು, ಏಕೆಂದರೆ ಇಲ್ಲಿ ಕನಸಿನ ಪ್ರಸ್ತಾಪವಿಲ್ಲ. ನಿದ್ರೆಗೂ ಅರಿವಿಗೂ ನಡುವೆ ಗೋಡೆಯಿಲ್ಲ, ಇರುವುದು ಮೆಟ್ಟಿಲುಗಳು ಎಂಬ ತಿಳಿವಳಿಕೆ ಮಾತ್ರ ಸ್ಪಷ್ಟವಾಗಿದೆ.

ಈ ಮೆಟ್ಟಿಲುಗಳಿಗೆ ಸಾಧನೆಯೊಂದಿಗೂ ಸಂಬಂಧವಿದೆ. ನಿದ್ರಾನಿದ್ರೆ, ಪ್ರಚಲಾಪ್ರಚಲೆ, ಸ್ತ್ಯಾನಗೃದ್ಧಿ ಈ ಮೂರರ ಉದಯವು ಆರನೆಯ ಗುಣಸ್ಥಾನದವರೆಗೆ ಮಾತ್ರ. ನಿದ್ರೆ ಮತ್ತು ಪ್ರಚಲೆಗಳು ಹನ್ನೆರಡನೆಯದಾದ ಕ್ಷೀಣಕಷಾಯ ಗುಣಸ್ಥಾನದ ಉಪಾಂತ್ಯ ಸಮಯದವರೆಗೂ ಉಳಿಯುತ್ತವೆ. ಕಷಾಯಗಳೆಲ್ಲ ನಾಶವಾದ ಮೇಲೂ, ಕೇವಲಜ್ಞಾನದ ಹೊಸ್ತಿಲಲ್ಲಿಯೂ, ಹಗುರ ನಿದ್ರೆಯ ಕರ್ಮವು ಸತ್ತೆಯಲ್ಲಿ ಇದ್ದೇ ಇರುತ್ತದೆ ಎಂಬ ಈ ನಿರ್ಣಯವು ಶಾಸ್ತ್ರಕಾರರ ನಿಷ್ಠುರತೆಗೆ ನಿದರ್ಶನ. ಆಚರಣೆಯಲ್ಲಿ ಇದರ ರೂಪ ಸರಳವಾದುದು: ದಿಗಂಬರ ಮುನಿಯ 28 ಮೂಲಗುಣಗಳಲ್ಲಿ ಭೂಶಯನವೂ ಒಂದು, ಬರಿ ನೆಲದ ಮೇಲೆ, ಕೋಲಿನಂತೆ ಇಲ್ಲವೆ ಬಿಲ್ಲಿನಂತೆ, ಒಂದೇ ಮಗ್ಗುಲಿಗೆ ಅಲ್ಪಕಾಲ ಮಲಗುವುದು. ಆಧುನಿಕ ಸಾಧಕನು ಅರಿವನ್ನು ಉಳಿಸಿಕೊಂಡು ಕನಸನ್ನು ಹಿಗ್ಗಿಸಲು ಯತ್ನಿಸಿದರೆ, ಮುನಿಯು ಅರಿವನ್ನು ಉಳಿಸಿಕೊಂಡು ನಿದ್ರೆಯನ್ನೇ ಕುಗ್ಗಿಸಲು ಯತ್ನಿಸುತ್ತಾನೆ.

ಈ ವಿಚಾರಗಳು ಹೊರಲೋಕಕ್ಕೆ ಸಿಕ್ಕಿದ ಬಗೆಯನ್ನೂ ನೆನೆಯಬೇಕು. 1896ರಲ್ಲಿ ಆರಂಭವಾದ ಪ್ರತಿಲೇಖನ ಕಾರ್ಯ 1922ರವರೆಗೂ ನಡೆಯಿತು. ಗಜಪತಿ ಉಪಾಧ್ಯಾಯರೂ ಅವರ ಪತ್ನಿ ಲಕ್ಷ್ಮೀಬಾಯಿಯವರೂ ಗುಟ್ಟಾಗಿ ಸಿದ್ಧಪಡಿಸಿದ ಕನ್ನಡ ಪ್ರತಿಯಿಂದ ಮೂಲಪಾಠವು ಉತ್ತರ ಭಾರತವನ್ನು ತಲಪಿತು. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಿಂದ ಧವಲೆಯು 16 ಸಂಪುಟಗಳಲ್ಲಿ ಅಚ್ಚಾಯಿತು. ಗೊಮ್ಮಟಸಾರಕ್ಕೆ ಕೇಶವವರ್ಣಿಯು ಕ್ರಿ.ಶ. 1359ರಲ್ಲಿಯೇ ಕನ್ನಡ ಟೀಕೆಯನ್ನು ಬರೆದಿದ್ದನು. ನಿದ್ರೆಯ ವಿಜ್ಞಾನಕ್ಕೆ ಕನ್ನಡದಲ್ಲಿ ಪರಿಭಾಷೆಯನ್ನು ಕಟ್ಟಲು ಹೊರಟವರು ಇಂಗ್ಲಿಷಿನಿಂದ ಪದಗಳನ್ನು ಅನುವಾದಿಸುವ ಮೊದಲು ಆ ಟೀಕೆಯ ಕರ್ಮಕಾಂಡದ ಭಾಗವನ್ನು ಒಮ್ಮೆ ತೆರೆದು ನೋಡಬೇಕು.